ಉಳಿದಷ್ಟು ಕಿವಿ

ಹತ್ತಿಯ ಉಂಡೆಗೆ ದಾರ ಕಟ್ಟದೆ ಯಾರ ಕಿವಿಗೂ ಕೈ ಹಾಕಬೇಡಿ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವ ಮೊದಲ ಮಾತು ಇದು. ಕೇಳುವ ಯಂತ್ರ ಸರಿಯಾಗಿ ಕೂರಲೆಂದು ಕಿವಿಯ ಅಚ್ಚು ತೆಗೆಯುವಾಗ ಒಳಗೆ ಮೊದಲು ಸಣ್ಣದೊಂದು ಹತ್ತಿಯ ಉಂಡೆ ಇಡುತ್ತೇವೆ. ಮೇಲೆ ತುಂಬುವ ಮೆತ್ತನೆಯ ರಬ್ಬರು ಅದನ್ನು ದಾಟಿ ಒಳಗಿನ ಪರದೆಗೆ ಅಂಟಬಾರದು. ದಾರ ಇದ್ದರೆ ಎಲ್ಲವೂ ಒಟ್ಟಿಗೆ ಹೊರಗೆ ಬರುತ್ತದೆ. ದಾರ ಮರೆತರೆ ನೀವು, ಕಿವಿಯವರು, ಡಾಕ್ಟರು ಮೂವರೂ ಕೂಡಿ ಒಂದು ಮಧ್ಯಾಹ್ನ ಕಳೆಯಬೇಕಾಗುತ್ತದೆ, ಮತ್ತು ಆ ಮಧ್ಯಾಹ್ನ ಯಾರೂ ನಿಮಗೆ ಚಹಾ ಕೊಡುವುದಿಲ್ಲ.

ನನ್ನ ಹೆಸರು ದಸ್ತಗೀರ. ಹುಟ್ಟಿದ್ದು ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಇಂಡಿಯ ಒಂದು ರೇಡಿಯೋ ರಿಪೇರಿ ಅಂಗಡಿ ಸೇರಿದೆ. ಒಂದು ದಿನ ಒಬ್ಬ ಮುದುಕ ಅಂಗಿಯ ಕಿಸೆಯಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ತೆಗೆದು ಮುಂದಿಟ್ಟ. ಕಿವಿಗೆ ಹಾಕುವ ಯಂತ್ರ. ಬಿಚ್ಚಿ ನೋಡಿದರೆ ಒಳಗೆ ನನಗೆ ಗೊತ್ತಿದ್ದ ಸಾಮಾನುಗಳೇ. ಬಿಟ್ಟುಹೋಗಿದ್ದ ಒಂದು ತಂತಿ ಬೆಸೆದು ಕೊಟ್ಟೆ. ಅದನ್ನು ಮಾರಿದ ಜಿಲ್ಲಾ ಊರಿನ ಶ್ರವಣ ಕೇಂದ್ರದ ಮಾಲಕರಿಗೆ ಸುದ್ದಿ ಹೋಗಿ ಅವರು ಕರೆಸಿಕೊಂಡರು. ಅಲ್ಲಿಂದ ಮುಂದೆ ಕಿವಿಯೇ ನನ್ನ ಅನ್ನ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ತಾಲ್ಲೂಕುಗಳನ್ನು ಪೆಟ್ಟಿಗೆ ಹಿಡಿದು ಬಸ್ಸಿನಲ್ಲಿ ಸುತ್ತಿದೆ. ನಾನು ಮಾಡಿದ ಅಚ್ಚು ಸಡಿಲಾಗಿ ಯಂತ್ರ ಸೀಟಿ ಹೊಡೆಯುತ್ತದೆ ಎಂದು ಯಾರೂ ತಿರುಗಿ ತಂದದ್ದಿಲ್ಲ. ಇದು ಜಂಬವಾದರೆ ಜಂಬವೇ ಇರಲಿ.

ಈ ಕೆಲಸದಲ್ಲಿ ಮಾತು ಕಡಿಮೆ ಎಂಬುದನ್ನು ನಿಮಗೆ ಯಾವ ಕಾಲೇಜಿನಲ್ಲೂ ಹೇಳಿರುವುದಿಲ್ಲ. ಬರುವವರಿಗೆ ಕೇಳಿಸುವುದಿಲ್ಲ, ಹಾಗಾಗಿ ಅವರೊಡನೆ ಮಾತಿಲ್ಲ. ಕೇಳಿಸತೊಡಗಿದ ಕ್ಷಣ ಅವರು ತಿರುಗುವುದು ಜೊತೆಗೆ ಬಂದವರ ಕಡೆಗೆ. ಮಗಳು ಅಳುತ್ತಾಳೆ, ಅಳಿಯ ನಗುತ್ತಾನೆ, ಎಲ್ಲರೂ ಒಮ್ಮೆಲೇ ಮಾತಾಡುತ್ತಾರೆ. ನಾನು ಸ್ಕ್ರೂ ಡ್ರೈವರ್ ಒರೆಸಿ ಪೆಟ್ಟಿಗೆಗೆ ಹಾಕುತ್ತೇನೆ. ಅದು ಸರಿಯೇ, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ನಾಲ್ಕು ತಾಲ್ಲೂಕಿನಲ್ಲಿ ಈ ಕೆಲಸದವನು ನಾನೊಬ್ಬನೇ. ಇವತ್ತು ಇಂಥ ಒಂದು ಸೊಟ್ಟ ಕಿವಿ ಸಿಕ್ಕಿತ್ತು, ಅಚ್ಚು ಹೀಗೆ ತಿರುವಿ ತೆಗೆದೆ ಎಂದು ಹೇಳಿದರೆ ತಿಳಿದುಕೊಳ್ಳುವ ಇನ್ನೊಬ್ಬ ಜೀವ ಇರಲಿಲ್ಲ. ಬಸ್‌ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕುಳಿತು ರೊಟ್ಟಿ ಬಿಚ್ಚುವಾಗ ಎಷ್ಟೋ ಸಲ ಆ ಮಾತು ನಾಲಿಗೆಯ ತುದಿಗೆ ಬಂದು ಹಾಗೇ ಒಳಗೆ ಹೋಗಿದೆ.

ನಗುವ ದಿನಗಳೂ ಇದ್ದವು. ಬಸವನ ಬಾಗೇವಾಡಿಯಲ್ಲಿ ಒಬ್ಬ ಬಟ್ಟೆ ಅಂಗಡಿಯವರಿದ್ದರು. ಅವರ ಯಂತ್ರ ಯಾವಾಗ ನೋಡಿದರೂ ಬಂದ್. ಯಾಕೆಂದು ಕೇಳಿದೆ.

"ಗಿರಾಕಿ ಬಂದ್ರ ಚಾಲೂ ಮಾಡ್ತೇನ್ರಿ. ಮನ್ಯಾಗ ಸುಮ್ನ ಯಾಕ ಸೆಲ್ ಸುಡೋದು?"

ಪಕ್ಕದಲ್ಲಿದ್ದ ಅವರ ಹೆಂಡತಿ ನನ್ನ ಕಡೆ ನೋಡಿದಳು. "ನೋಡ್ರಿ ಸಾಹೇಬ್ರ, ಗಿರಾಕಿ ಮಾತು ಸೆಲ್ಲಿನ ಮಾತು. ನಂದು ಫುಕಟ ಮಾತು. ನಾಳಿಂದ ನಾನೂ ಒಂದ ಸೀರಿ ಕೊಳ್ಳಾಕ ಬಂದೇನಿ ಅಂತ ಅಂಗಡ್ಯಾಗ ಬಂದ ಕುಂಡ್ರತೇನಿ."

"ಬಾ. ಬಂದ್ರ ಚಾಲೂ ಮಾಡ್ತೇನಿ" ಎಂದರು ಅವರು. ಹೆಂಡತಿಯ ಮಾತನ್ನು ಅವರು ಯಂತ್ರ ಬಂದ್ ಇದ್ದಾಗ ಅವಳ ತುಟಿ ನೋಡಿಯೇ ತಿಳಿದಿದ್ದರು.

ನನಗೆ ವಿದ್ಯೆ ಕೊಟ್ಟವರು ನಮ್ಮ ಕೇಂದ್ರದ ಮೇಡಂ. ಧಾರವಾಡದ ಕಡೆಯವರು, ಶ್ರವಣ ಪರೀಕ್ಷೆ ಓದಿದವರು. ಮಾತು ಬಿರುಸು. ಒಂದು ಸಲ ನಾನು ಒಬ್ಬರ ಬಗ್ಗೆ "ಪೂರಾ ಕಿವುಡ ಅದಾರ್ರಿ" ಎಂದಾಗ ಪೆನ್ನು ಕೆಳಗಿಟ್ಟರು.

"ಪೂರಾ ಅಂತ ಹೆಂಗ ಹೇಳ್ತೀ ದಸ್ತಗೀರ್? ಕಿವಿ ಅಂದ್ರ ಒಂದ ಖೋಲಿ ಅಂತ ತಿಳದೀಯೇನು?"

ಆಮೇಲೆ ಹಾಳೆಯ ಮೇಲೆ ಬಸವನ ಹುಳುವಿನ ಚಿಪ್ಪಿನಂಥ ಒಂದು ಸುರುಳಿ ಬರೆದರು. ಕಿವಿಯ ಒಳಗಿನ ಅಂಗ ಹೀಗಿದೆ. ಸುರುಳಿಯ ಬಾಗಿಲಲ್ಲಿ ಸಣ್ಣ ದನಿಗಳನ್ನು ಹಿಡಿಯುವ ಜಾಗ: ಹಕ್ಕಿ, ಬಳೆ, ಸ, ತ, ಚ. ಒಳಕ್ಕೆ ಹೋದಂತೆ ದಪ್ಪ ದನಿಗಳ ಜಾಗ: ಗುಡುಗು, ಟ್ರ್ಯಾಕ್ಟರು, ಗಂಡಸರ ಎದೆಯ ದನಿ. ಬಹಳ ಮಂದಿಗೆ ಬಾಗಿಲ ಕಡೆಯದು ಸತ್ತಿರುತ್ತದೆ, ಒಳಮನೆಯದು ಒಂದಿಷ್ಟು ಬದುಕಿರುತ್ತದೆ. ಬರೀ ಒಳಮನೆ ಇದ್ದರೆ ಮಾತು ತಿಳಿಯುವುದಿಲ್ಲ. ಹೊರಗಿನ ಯಂತ್ರ ಎಷ್ಟು ಜೋರು ಮಾಡಿದರೂ ಸತ್ತ ಜಾಗ ಏಳುವುದಿಲ್ಲ. ಅಂಥವರಿಗೆ ಆಪರೇಶನ್ ಮಾಡಿ ಸುರುಳಿಯೊಳಗೆ ಒಂದು ತಂತಿ ಇಡುತ್ತಾರೆ. ಅದನ್ನೇ ಕಾಕ್ಲಿಯರ್ ಇಂಪ್ಲಾಂಟ್ ಎನ್ನುವುದು. ಹೊರಗೆ ಕಿವಿಯ ಹಿಂದೆ ಕೂರುವ ಯಂತ್ರ ದನಿ ಹಿಡಿದು ತಂತಿಗೆ ಕೊಡುತ್ತದೆ, ತಂತಿ ನರಕ್ಕೆ ಕೊಡುತ್ತದೆ.

ತಂತಿ ಬಾಗಿಲಿನಿಂದ ಹೋಗಬೇಕು. ಹೋಗುವಾಗ ಒಳಮನೆಯಲ್ಲಿ ಬದುಕಿದ್ದದ್ದನ್ನೂ ಮುರಿಯಬಹುದು. ನಾನು ನೋಡಿದ ಮೊದಲ ವರ್ಷಗಳಲ್ಲಿ ಅದರ ಚಿಂತೆ ಹೆಚ್ಚಾಗಿ ಯಾರೂ ಮಾಡುತ್ತಿರಲಿಲ್ಲ. ಹೇಗೂ ಮಾತು ಕೇಳದ ಕಿವಿ, ಹೋದರೆ ಹೋಗಲಿ ಎಂಬ ಲೆಕ್ಕ.

ಆ ಲೆಕ್ಕ ಪೂರ್ತಿ ಸರಿಯಲ್ಲವೆಂದು ನನಗೆ ತಿಳಿದದ್ದು ಮುದ್ದೇಬಿಹಾಳದ ಒಬ್ಬ ದರ್ಜಿಯಿಂದ. ಹಳೆಯ ಪದ್ಧತಿಯಲ್ಲಿ ತಂತಿ ಹಾಕಿಸಿಕೊಂಡವನು. ಚೆನ್ನಾಗಿ ಕೇಳುತ್ತಿತ್ತು, ಫೋನಿನಲ್ಲೂ ಮಾತಾಡುತ್ತಿದ್ದ. ನಾನು ಯಂತ್ರದ ವಾಯರು ಬದಲಿಸುತ್ತಿದ್ದಾಗ ಹೊಲಿಗೆಯಿಂದ ಕಣ್ಣು ತೆಗೆಯದೆ ಹೇಳಿದ, "ಮೊದಲ ಮಾತು ತಿಳೀತಿರಲಿಲ್ಲ ಖರೇ. ಆದ್ರ ಗುಡುಗಿದ್ರ ಗೊತ್ತಾಗ್ತಿತ್ರಿ, ಎದ್ಯಾಗ, ಕಿವ್ಯಾಗ. ಈಗ ಮಲಗೂಮುಂದ ಇದನ್ನ ತಗದಿಟ್ಟೆ ಅಂದ್ರ ಮಳಿ ಬಂದು ಹೋದದ್ದು ಮುಂಜಾನಿ ಅಂಗಳಾ ನೋಡಿನ ತಿಳೀಬೇಕು."

ಅವನು ಅದನ್ನು ದೂರಿನಂತೆ ಹೇಳಲಿಲ್ಲ. ಬಟ್ಟೆಯ ಅಳತೆ ಹೇಳಿದ ಹಾಗೆ ಹೇಳಿದ. ನಾನು ವಾಪಸು ಬಂದು ಮೇಡಂಗೆ ಹೇಳಿದೆ. ಅವರು "ಈಗ ಬ್ಯಾರೆ ರೀತಿ ಬರಾಕತ್ತೇತಿ" ಎಂದರು.

ಬಂದಿತು. ತಂತಿ ತೆಳ್ಳಗಾಯಿತು, ಮೆತ್ತಗಾಯಿತು. ಡಾಕ್ಟರರು ಅದನ್ನು ಬಹಳ ನಿಧಾನವಾಗಿ ಒಳಕ್ಕೆ ಬಿಡುತ್ತಾರೆ, ಬಾವು ಬರದಂತೆ ಔಷಧ ಕೊಡುತ್ತಾರೆ ಎಂದು ಕೇಳಿದೆ. ನಾನು ಆಪರೇಶನ್ ಕೋಣೆ ನೋಡಿದವನಲ್ಲ, ನನ್ನ ಪಾಲು ಆಮೇಲಿನದು. ಒಳಮನೆಯ ದನಿ ಉಳಿದಿದ್ದರೆ ಅದೇ ಕಿವಿಗೆ ಅಚ್ಚು ಮಾಡಿ ದನಿ ಜೋರು ಮಾಡಿ ಕೊಡುವ ಒಂದು ಗುಂಡಿ ಕೂರಿಸಬೇಕು. ಆಗ ಸಣ್ಣ ದನಿ ತಂತಿಯಿಂದ, ದಪ್ಪ ದನಿ ಸ್ವಂತ ಕಿವಿಯಿಂದ. ಒಂದೇ ಕಿವಿಗೆ ಎರಡು ದಾರಿ. ಇಂಥ ಅಚ್ಚು ಬಿಗಿಯಾಗಿರಬೇಕು. ದಪ್ಪ ದನಿ ಸಂದು ಸಿಕ್ಕರೆ ಸೋರಿಹೋಗುತ್ತದೆ.

ಉಳಿದದ್ದು ಇದೆಯೋ ಇಳಿಯುತ್ತಿದೆಯೋ ಎಂದು ಆಗಾಗ ಪರೀಕ್ಷೆ ಮಾಡುವುದು ಇನ್ನೊಂದು ಕೆಲಸ. ಮೇಡಂ ಬರಲಾಗದ ದಿನ ದನಿ ಕೊಟ್ಟು, ಬೆರಳು ಎತ್ತಿದ್ದನ್ನು ಗುರುತು ಹಾಕಿ ಕಳಿಸುವುದು ನನ್ನ ಪಾಲಿಗೆ ಬಂತು. ಸಿಂದಗಿಯಲ್ಲಿ ಕುಳಿತು ಮಾಡಲು ಕೊಟ್ಟ ಕೋಣೆ ಬಸ್ಸಿನ ರಸ್ತೆಗೆ ಹೊಂದಿಕೊಂಡಿತ್ತು. ಬಸ್ಸಿನ ದನಿಯೂ ದಪ್ಪ, ನಮ್ಮ ಪೆಟ್ಟಿಗೆಯ ದನಿಯೂ ದಪ್ಪ. ಅಜ್ಜಿಯರು ದೇವರ ಹಿಪ್ಪರಗಿ ಬಸ್ಸಿಗೆ ಬೆರಳು ಎತ್ತುತ್ತಿದ್ದರು. ಕೊನೆಗೆ ನಾನು ಮಾರುಕಟ್ಟೆಯ ಹಿಂದಿನ ಒಂದು ತೊಗರಿ ಗೋದಾಮು ಹುಡುಕಿದೆ. ಮಾಲಕರು ಪರಿಚಯದವರು. ಸುತ್ತಲೂ ಆಳೆತ್ತರ ಚೀಲ ಒಟ್ಟಿ ನಡುವೆ ಎರಡು ಸ್ಟೂಲು ಹಾಕಿದರೆ ಅಂಥ ನಿಶ್ಶಬ್ದ ನಮ್ಮ ಕೇಂದ್ರದ ಗಾಜಿನ ಕೋಣೆಯಲ್ಲೂ ಇರಲಿಲ್ಲ. ತೊಗರಿ ದನಿಯನ್ನು ತಿನ್ನುತ್ತದೆ. ಮೇಡಂ ಬಂದು ನೋಡಿ ಸೀನಿದರು, ಸೀನಿದ್ದೂ ದೂರ ಹೋಗಲಿಲ್ಲ. "ಆಗ್ಲಿ" ಎಂದರು.

ಆ ಗೋದಾಮಿಗೆ ಬಂದವರಲ್ಲಿ ನಾನು ಬರೆಯಲೇಬೇಕಾದವರು ಮೋರಟಗಿಯ ರುಕ್ಮಾಬಾಯಿ.

ಅವರ ಗಂಡ ನಾರಾಯಣರಾವ್, ನಿವೃತ್ತ ಮುಖ್ಯಾಧ್ಯಾಪಕರು. ಮನೆಯ ಒಳಗೆ ಮರಾಠಿ, ಹೊರಗೆ ಕನ್ನಡ. ಸಣಕಲು ಮೈ, ಆದರೆ ದನಿ ಬಾವಿಯ ತಳದಿಂದ ಬಂದಂತೆ. ರುಕ್ಮಾಬಾಯಿಗೆ ಮದುವೆಯಾದ ಮೇಲೆ ಕಿವಿ ಹೋಗುತ್ತ ಬಂದಿತ್ತು. ಮೊದಲು ಹಕ್ಕಿ ಹೋಯಿತು, ಆಮೇಲೆ ಮಕ್ಕಳ ಮಾತು, ಆಮೇಲೆ ಉಳಿದವರ ಮಾತು. ತುಟಿ ನೋಡಿ ಸಂಸಾರ ಮಾಡಿದ್ದರು. ಮೊದಲ ಸಲ ಪರೀಕ್ಷೆ ಮುಗಿದಾಗ ನನಗೆ ಹೇಳಿದರು:

"ಎಲ್ಲಾರದೂ ಬಾಯಿ ಅಷ್ಟ ಕಾಣಸ್ತದರಿ. ಇವ್ರದೊಂದ ದನಿ ಇನ್ನೂ ಕಿವಿಗೆ ಬೀಳ್ತದ. ಮಾತು ಬಿಡಿಸಿ ತಿಳಿಯೂದಿಲ್ಲ. ಆದ್ರ ಕರದ್ರ ಗೊತ್ತಾಗ್ತದ."

ಮರಾಠಿ ಮನೆಗಳಲ್ಲಿ ಗಂಡ ಹೆಂಡತಿಯ ಹೆಸರು ಹಿಡಿಯುವುದಿಲ್ಲ, "ಅಗ" ಎಂದು ಕರೆಯುತ್ತಾನೆ. ಹೆಂಡತಿ "ಅಹೋ" ಎನ್ನುತ್ತಾಳೆ. ಅಗ ಎಂಬುದರಲ್ಲಿ ಸ ಇಲ್ಲ, ತ ಇಲ್ಲ, ಚ ಇಲ್ಲ. ಬಾಗಿಲು ಸತ್ತ ಕಿವಿಗೂ ಅದು ಇಡಿಯಾಗಿ ತಲುಪುತ್ತದೆ, ಕರೆಯುವವನ ದನಿ ನಾರಾಯಣರಾಯರದ್ದಾಗಿದ್ದರೆ. ರುಕ್ಮಾಬಾಯಿಗೆ ಈ ಲೋಕದಲ್ಲಿ ಪೂರ್ತಿಯಾಗಿ ಕೇಳುತ್ತಿದ್ದದ್ದು ಅದೊಂದೇ ಮಾತು.

ಆಪರೇಶನ್ ಮಾಡಿಸಿದರೆ ಎಲ್ಲರ ಮಾತೂ ಬರುತ್ತದೆ ಎಂದು ಮೇಡಂ ಬರೆದು ತೋರಿಸಿದರು. ರುಕ್ಮಾಬಾಯಿ ಓದಿದರು.

"ಎಲ್ಲಾರದೂ ಬಂದು ಇವ್ರದು ಹೋದ್ರ?"

ಆ ಪ್ರಶ್ನೆಯನ್ನೇ ಅವರು ದೊಡ್ಡ ಊರಿನ ಆಸ್ಪತ್ರೆಯಲ್ಲೂ ಕೇಳಿದರು. ಅಚ್ಚಿನ ಕೆಲಸಕ್ಕೆ ನಾನೂ ಅವತ್ತು ಅಲ್ಲಿಗೆ ಹೋಗಿದ್ದೆ. ಡಾಕ್ಟರು ದಕ್ಷಿಣದ ಕಡೆಯವರು, ವಯಸ್ಸು ಚಿಕ್ಕದು, ಸುಳ್ಳು ಹೇಳದ ಮನುಷ್ಯ. "ಉಳಿಸೋಕೆ ಪ್ರಯತ್ನ ಮಾಡ್ತೀವಮ್ಮ. ಉಳಿದೇ ಉಳಿಯುತ್ತೆ ಅಂತ ಮಾತು ಕೊಡೋಕಾಗಲ್ಲ" ಎಂದರು. ರುಕ್ಮಾಬಾಯಿ ಗಂಡನ ಮುಖ ನೋಡಿದರು. ಗಂಡ ಸೊಸೆಯ ಮುಖ ನೋಡಿದರು. ಮೊಮ್ಮಕ್ಕಳ ದನಿ ಕೇಳದೆ ಇನ್ನೆಷ್ಟು ದಿನ ಎಂದು ಸೊಸೆ ಅಂದಳು. ರುಕ್ಮಾಬಾಯಿ ಹೂಂ ಎಂದರು.

ಆಪರೇಶನ್ ಆಯಿತು. ಗಾಯ ಮಾಗಿದ ಮೇಲೆ ಪರೀಕ್ಷೆ ಮಾಡಿದಾಗ ದಪ್ಪ ದನಿಗೆಲ್ಲ ಬೆರಳು ಮೇಲೆದ್ದಿತು. ಡಾಕ್ಟರು ನಕ್ಕದ್ದನ್ನು ನಾನು ಆವತ್ತೊಂದೇ ಸಲ ಕಂಡದ್ದು. ನಾರಾಯಣರಾಯರನ್ನು ಕೂರಿಸಿಕೊಂಡು ಹೇಳಿದರು:

"ಯಜಮಾನ್ರೆ, ಅವರ ಸ್ವಂತ ಕಿವಿ ಉಳಿದಿರೋದು ನಮ್ಮ ಪುಣ್ಯ. ಇನ್ಮೇಲೆ ಇದನ್ನ ಉಳಿಸ್ಕೊಳ್ಳೋದು ನಿಮ್ಮ ಕೈಲಿದೆ."

ಜೋರು ಸದ್ದಿನಿಂದ ದೂರವಿಡಿ, ಗುಳಿಗೆ ತಪ್ಪಿಸಬೇಡಿ, ಕಡಿಮೆಯಾದಂತೆ ಅನಿಸಿದರೆ ಓಡಿ ಬನ್ನಿ ಎಂಬುದು ಅವರ ಮಾತಿನ ಅರ್ಥ. ಮೇಡಂ ತಮ್ಮ ಸುರುಳಿಯ ಚಿತ್ರ ಬರೆದು, ಸಣ್ಣ ದನಿ ಯಂತ್ರದ ಪಾಲು, ದಪ್ಪ ದನಿ ಕಿವಿಯ ಪಾಲು ಎಂದು ತಿಳಿಸಿ ಹೇಳಿದರು. ನಾರಾಯಣರಾಯರು ಒಳ್ಳೆಯ ವಿದ್ಯಾರ್ಥಿಯಂತೆ ತಲೆಯಾಡಿಸಿದರು. ಆ ಕೋಣೆಯಲ್ಲಿದ್ದ ಯಾರಿಗೂ ಅದರಲ್ಲಿ ತಿಳಿಯದ್ದೇನೂ ಕಾಣಲಿಲ್ಲ.

ಯಂತ್ರ ಹಾಕಿಕೊಂಡು ಮೊದಲ ಸಲ ಗೋದಾಮಿಗೆ ಬಂದಾಗ ರುಕ್ಮಾಬಾಯಿ ಕುಳಿತಲ್ಲಿ ಕೂರಲಿಲ್ಲ.

"ಸಾಸಿವಿ ಸಿಡಿಯೂದು ಕೇಳ್ತದರಿ ಸಾಹೇಬ್ರ. ಇಷ್ಟ ಸದ್ದ ಮಾಡ್ತದ ಅಂತ ಮರತ ಹೋಗಿತ್ತು. ನಮ್ಮ ಸೊಸಿ ಒಳಗೊಳಗ ಏನೋ ಗೊಣಗತಿರ್ತಾಳ, ಅದೂ ಕೇಳ್ತದ."

"ಅದಕ್ಕ ಯಂತ್ರ ಬ್ಯಾಡ ಅಂದಿದ್ದೆ ನಾ" ಎಂದಳು ಸೊಸೆ ನಗುತ್ತ.

"ಮತ್ತ ಸರ್ ದನಿ?" ಎಂದೆ.

"ಹಂಗ ಅದರಿ. ಇದ್ದಂಗ ಅದ."

ನಾರಾಯಣರಾಯರು ಬಾಗಿಲಲ್ಲಿ ನಿಂತು ಒಂದೂ ಮಾತಾಡದೆ ಕೈ ಮುಗಿದರು. ಸಂತೋಷ ಹೆಚ್ಚಾಗಿರಬೇಕು ಎಂದುಕೊಂಡೆ. ಮುಂದಿನ ಸಲ ಬಂದಾಗಲೂ ಅವರು ಮಾತಾಡಲಿಲ್ಲ. ಅದರ ಮುಂದಿನ ಸಲವೂ ಇಲ್ಲ. ರುಕ್ಮಾಬಾಯಿ ಬರಬರುತ್ತ ಸೊರಗುತ್ತ ಬಂದರು. ಪರೀಕ್ಷೆಯ ಗುರುತುಗಳನ್ನು ಕೂಡಿಸಿ ಎಳೆಯುವ ಗೆರೆ ಮಾತ್ರ ಇದ್ದಂತೆಯೇ ಇತ್ತು. ನಾನು ಗೆರೆ ನೋಡಿದೆ, ಗುರುತು ಹಾಕಿದೆ, ಕಳಿಸಿದೆ. ನಮಗೆ ಕಲಿಸಿದ್ದು ಅಷ್ಟೇ.

ಆಮೇಲೊಂದು ದಿನ ನಾನು ಪೆಟ್ಟಿಗೆ ತೆಗೆಯುವ ಮೊದಲೇ ಅವರು ಹೇಳಿದರು.

"ಹೋತ್ರಿ."

"ಏನ್ ಹೋತ್ರಿ ಬಾಯಾರ?"

"ಇವ್ರ ದನಿ. ಸೊಸಿದು ಅದ, ಮಕ್ಕಳದು ಅದ, ಬಾಗಲಾ ಬಡದ್ರ ಅದ. ಇವ್ರ ಬಾಯಿ ಅಲುಗಾಡೂದು ಕಾಣಸ್ತದ, ಏನೂ ಬರೂದಿಲ್ಲ. ಭಾಳ ದಿನಾ ಆತು. ಹೇಳಿದ್ರ ನೋಯ್ತಾರ ಅಂತ ಇವ್ರಿಗೆ ಹೇಳಿಲ್ಲ ನಾ. ಬಾಯಿ ನೋಡಿ ಹೂಂ ಅಂತೀನಿ."

ಹೊರಗೆ ಬಂದು ಮೇಡಂಗೆ ಫೋನ್ ಮಾಡಿದೆ. "ಈಗಿಂದೀಗ ತಪಾಸ್ ಮಾಡು. ಇಳದಿದ್ರ ಇವತ್ತ ಡಾಕ್ಟರ್ ಕಡೆ ಕಳಸು, ಗುಳಗಿ ಲಗೂನ ಶುರು ಆಗಬೇಕು" ಎಂದರು.

ರುಕ್ಮಾಬಾಯಿಯ ಯಂತ್ರ ತೆಗೆಸಿ ಮಡಿಲಲ್ಲಿ ಇಡಿಸಿದೆ. ಸ್ವಂತ ಕಿವಿ ಮಾತ್ರ ಪರೀಕ್ಷೆಗೆ. ಹೆಡ್‌ಫೋನ್ ಕೂರಿಸಿ ಎಲ್ಲಕ್ಕಿಂತ ದಪ್ಪ ದನಿಯಿಂದ ಶುರು ಮಾಡಿದೆ. ಬೆರಳು ಮೇಲೆದ್ದಿತು. ದನಿ ಇಳಿಸಿದೆ. ಎದ್ದಿತು. ಇನ್ನೂ ಇಳಿಸಿದೆ. ಎದ್ದಿತು. ಗೆರೆ ಹೋದ ಸಲದ ಗೆರೆಯ ಮೇಲೆಯೇ ಬಂದು ಕುಳಿತಿತು. ಹೆಡ್‌ಫೋನ್ ಬದಲಿಸಿ ಮತ್ತೆ ಮಾಡಿದೆ. ಅದೇ. ಅಚ್ಚು ನೋಡಿದೆ, ಬಿಗಿಯಾಗಿತ್ತು. ಗುಂಡಿಗೆ ನನ್ನ ಕಿವಿ ಹಚ್ಚಿದೆ, ದನಿ ಬರುತ್ತಿತ್ತು. ಕಿವಿ ಇದೆ, ಯಂತ್ರ ಇದೆ, ದನಿ ಎಲ್ಲಿ ಹೋಯಿತು ಎಂದು ನನಗೆ ಹೊಳೆಯಲಿಲ್ಲ. ತಲೆ ಕೆರೆಯುತ್ತ ಹೊರಗೆ ಬಂದೆ.

ನಾರಾಯಣರಾಯರು ತೂಕದ ಕಟ್ಟೆಯ ಮೇಲೆ ಕುಳಿತಿದ್ದವರು ಎದ್ದು ಬಂದು, ನನ್ನ ಮೊಣಕೈ ಹಿಡಿದು ದೂರಕ್ಕೆ ಕರೆದೊಯ್ದರು. ಗೋದಾಮಿನ ಬಾಗಿಲು ಮರೆಯಾದ ಮೇಲೆ ಬಾಯಿ ಬಿಟ್ಟರು.

"ಉಳದದ ಏನ್ರಿ?"

"ಉಳದೈತ್ರಿ ಸರ್. ಇದ್ದಂಗ ಐತಿ."

ಅವರು ಕಣ್ಣು ಮುಚ್ಚಿ ಉಸಿರು ಬಿಟ್ಟರು. "ಹಂಗಾದ್ರ ನಾ ಮಾಡಿದ್ದು ಸಾರ್ಥಕ ಆತು."

"ಏನ ಮಾಡೀರಿ?"

"ಮಾತಾಡೂದು ಬಿಟ್ಟೀನಿ."

ನನಗೆ ಅರ್ಥವಾಗಲಿಲ್ಲ. ಅವರು ಪಾಠ ಹೇಳುವಂತೆ ಬಿಡಿಸಿ ಹೇಳಿದರು. "ಉಳಿಸ್ಕೊಳ್ಳೂದು ನಿಮ್ಮ ಕೈಯಾಗ ಅದ ಅಂದ್ರಲ್ಲ ಡಾಕ್ಟ್ರು. ನಮ್ಮ ಸಾಲಿ ಗ್ವಾಡಿ ಮ್ಯಾಲ ನಾನ ಬರಿಸಿದ್ದೆ, ನೀರು ಉಳಿಸಿ, ವಿದ್ಯುತ್ ಉಳಿಸಿ ಅಂತ. ಉಳಸೂದಂದ್ರೇನ್ರಿ? ಕಡಿಮಿ ಬಳಸೂದು. ನಾವು ಮನ್ಯಾಗ ಜಪೂನ್ ಅಂತೀವಿ, ಸಂಭಾಳಿಸಿ ಬಳಸೂದು. ಸೊಸಿದು, ಮೊಮ್ಮಕ್ಕಳದು ಸಣ್ಣ ದನಿ, ಅದು ಯಂತ್ರಕ್ಕ ಹೋಗ್ತದ. ಅಕಿ ಸ್ವಂತ ಕಿವಿಗೆ ಹೋಗೂದು ನಂದೊಂದ. ಸವದ್ರ ನನ್ನಿಂದನ ಸವೀಬೇಕಲ್ರಿ. ಅದಕ್ಕ ತುಟಿ ಅಷ್ಟ ಅಲುಗಸ್ತೀನಿ, ದನಿ ಬಿಡೂದಿಲ್ಲ. ಅಕಿಗೆ ತುಟಿ ಓದಲಿಕ್ಕೆ ಬರ್ತದ. ಅಕಿಗೆ ಏನೂ ಗೊತ್ತಾಗಿಲ್ಲ."

ಇದನ್ನು ನಾನು ಪೆದ್ದತನವೆಂದು ಬರೆಯುತ್ತಿಲ್ಲ. ಮೇಡಂ ಬರೆದ ಸುರುಳಿಯನ್ನು ಅವರಷ್ಟು ಸರಿಯಾಗಿ ತಿಳಿದುಕೊಂಡ ಇನ್ನೊಬ್ಬ ಗಂಡನನ್ನು ನಾನು ಕಂಡಿಲ್ಲ. ಉಳಿಸು ಎಂಬ ಒಂದೇ ಒಂದು ಶಬ್ದ ಕಾಪಾಡು ಎಂಬ ಕಡೆ ಬೀಳುವ ಬದಲು ಕಡಿಮೆ ಬಳಸು ಎಂಬ ಕಡೆ ಬಿದ್ದಿತ್ತು.

"ಸರ್, ಕಿವಿ ನೀರಿನ ಟಾಕಿ ಅಲ್ರಿ, ಬಳಸಿದ್ರ ಬರಿದಾಗಾಕ. ಪಟಾಕಿ, ಡಿಜೆ ದೂರ ಇಡ್ರಿ. ಮಾತಿಗೆ ಏನೂ ಆಗಂಗಿಲ್ಲ."

"ಖರೇನು?"

"ಖರೇರಿ. ಇನ್ನೊಂದ ಮಾತು. ಬಾಯಾರಿಗೆ ಗೊತ್ತಾಗೇತಿ. ನಿಮ್ಮ ದನಿ ಹೋತು, ಕಿವಿ ಹೋತು ಅಂತ ತಿಳಕೊಂಡಾರ. ನೀವು ನೋಯ್ತೀರಿ ಅಂತ ನಿಮಗ ಹೇಳಿಲ್ಲ."

ಅವರು ಕಟ್ಟೆಯ ಕಡೆಗೆ ಎರಡು ಹೆಜ್ಜೆ ಇಟ್ಟರು, ಕೂರಲಿಲ್ಲ, ತಿರುಗಿ ಗೋದಾಮಿನೊಳಗೆ ಹೋದರು. ನಾನೂ ಹಿಂದೆ ಹೋದೆ.

ರುಕ್ಮಾಬಾಯಿ ಬಾಗಿಲಿಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕುಳಿತಿದ್ದರು. ಹೆಡ್‌ಫೋನ್ ತೆಗೆದಿಟ್ಟಿದ್ದರು, ಯಂತ್ರ ಮಡಿಲಲ್ಲೇ ಇತ್ತು. ಸುತ್ತ ತೊಗರಿ ಚೀಲಗಳ ಗೋಡೆ. ನಾರಾಯಣರಾಯರು ಅವರ ಹಿಂದೆ ಮಾರು ದೂರದಲ್ಲಿ ನಿಂತು ಬಾಯಿ ತೆರೆದರು. ದನಿ ಬರಲಿಲ್ಲ. ಹೆಂಡತಿಯನ್ನು ಕರೆಯುವ ರೂಢಿ ತಪ್ಪಿಹೋಗಿತ್ತೋ ಧೈರ್ಯ ಸಾಲಲಿಲ್ಲವೋ. ಕೆಮ್ಮಿದರು. ಆಮೇಲೆ ಬಂತು, ತಳದಿಂದ.

"ಅಗ. ಏ ಅಗ."

ರುಕ್ಮಾಬಾಯಿ ತಿರುಗಲಿಲ್ಲ. ಕೈ ಚಾಚಿ ಪಕ್ಕದ ಚೀಲ ಹಿಡಿದುಕೊಂಡರು. ಚೀಲಗಳ ಕಡೆಗೇ ಮುಖ ಮಾಡಿ ಕೇಳಿದರು:

"ಅಹೋ. ಎಲ್ಲಿಗೆ ಹೋಗಿದ್ರಿ?"

ನಾನು ಹೊರಗೆ ಬಂದೆ. ಹಮಾಲರಲ್ಲಿ ಒಬ್ಬ, "ಮುಗೀತೇನ್ರಿ ಸಾಹೇಬ್ರ ನಿಮ್ಮ ಕಿವಿ ಪೂಜಿ? ಗಾಡಿ ಬಂದೈತಿ, ಚೀಲಾ ತಗೀಬೇಕು" ಎಂದ. ಇನ್ನೂ ಸ್ವಲ್ಪ ಐತಿ ತಡಿಯಪ್ಪಾ ಎಂದು ತೂಕದ ಕಟ್ಟೆಯ ಮೇಲೆ ಕುಳಿತೆ. ಒಳಗಿನ ಮಾತು ಹೊರಗೆ ಬರುತ್ತಿರಲಿಲ್ಲ, ಚೀಲಗಳಿದ್ದವಲ್ಲ. ನನ್ನ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವಳು ನನ್ನನ್ನು ಹೇಗೆ ಕರೆಯುತ್ತಿದ್ದಳು ಎಂಬುದು ನೆನಪಿತ್ತು. ದನಿ ಸಣ್ಣದೋ ದಪ್ಪದೋ ಎಂದು ಎಷ್ಟು ಯೋಚಿಸಿದರೂ ಅವತ್ತು ಹೊಳೆಯಲಿಲ್ಲ. ಮೂರು ಹೊತ್ತೂ ಪರರ ದನಿ ಅಳೆಯುವ ಕೆಲಸ ನನ್ನದು.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ಸುಖವಾಗಿ ಪೆನ್ನು ಇಡುತ್ತಿದ್ದೆ. ಆದರೆ ಈ ಕೆಲಸಕ್ಕೆ ಬರುವವರು ಉಳಿದದ್ದನ್ನೂ ತಿಳಿದಿರಬೇಕು. ಆಪರೇಶನ್ನಿನಲ್ಲಿ ಉಳಿದ ಸ್ವಂತ ಕಿವಿ ಕೆಲವರಿಗೆ ಕೊನೆಯ ತನಕ ಇರುತ್ತದೆ, ಕೆಲವರಿಗೆ ಆಮೇಲೆ ತಾನಾಗಿ ಇಳಿಯುತ್ತದೆ. ಯಾಕೆಂದು ದೊಡ್ಡ ಡಾಕ್ಟರರಿಗೂ ಪೂರ್ತಿ ತಿಳಿದಿಲ್ಲವಂತೆ. ರುಕ್ಮಾಬಾಯಿಗೆ ಇಳಿಯಿತು. ಗೋದಾಮಿನ ಆ ದಿನದಿಂದ ಸಾಕಷ್ಟು ಕಾಲ ಚೆನ್ನಾಗಿತ್ತು. ಆಮೇಲೆ ಒಂದು ಸಲ ಗೆರೆ ಸ್ವಲ್ಪ ಕೆಳಗೆ ಬಂತು. ಕೂಡಲೇ ಕಳಿಸಿದೆವು, ಗುಳಿಗೆ ಕೊಟ್ಟರು, ಸ್ವಲ್ಪ ಮೇಲೆದ್ದು ಮತ್ತೆ ಇಳಿಯಿತು. ನಾನು ನಿವೃತ್ತನಾಗುವ ಹೊತ್ತಿಗೆ ಎಲ್ಲಕ್ಕಿಂತ ದಪ್ಪ ದನಿಯನ್ನು ಎಲ್ಲಕ್ಕಿಂತ ಜೋರಾಗಿ ಕೊಟ್ಟರೂ ಬೆರಳು ಏಳಲಿಲ್ಲ. ಬೆರಳು ಏಳದಾಗ ನೀವು ಸ್ವಲ್ಪ ಹೆಚ್ಚು ಹೊತ್ತು ಕಾಯುತ್ತೀರಿ. ಕಾಯಬಾರದೆಂದು ನಿಯಮ. ಕಾಯುತ್ತೀರಿ.

ಮೇಡಂ ಯಂತ್ರವನ್ನು ಬೇರೆ ರೀತಿ ಹೊಂದಿಸಿ, ದಪ್ಪ ದನಿಯೂ ತಂತಿಯಿಂದಲೇ ಹೋಗುವಂತೆ ಮಾಡಿಕೊಟ್ಟರು. ಗಂಡನ ಮಾತು ಮೊದಲಿಗಿಂತ ಸ್ಪಷ್ಟವಾಗಿ ತಿಳಿಯತೊಡಗಿತು. "ಶಬ್ದ ಶಬ್ದ ತಿಳೀತದರಿ. ಆದ್ರ ತಗಡಿನ ಡಬ್ಬ್ಯಾಗಿಂದ ಯಾರೋ ಇವ್ರ ಮಾತು ಓದಿ ಹೇಳಿದಂಗ ಅನಸ್ತದ" ಎಂದರು ರುಕ್ಮಾಬಾಯಿ.

ಅವರಿಬ್ಬರನ್ನೂ ನಾನು ಕೊನೆಯ ಸಲ ಕಂಡದ್ದು ಸಿಂದಗಿ ಬಸ್‌ ನಿಲ್ದಾಣದಲ್ಲಿ. ಅವರು ಮೋರಟಗಿ ಬಸ್ಸಿಗೆ, ನಾನು ಇಂಡಿ ಬಸ್ಸಿಗೆ. ರುಕ್ಮಾಬಾಯಿ ಬೆಂಚಿನ ತುದಿಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ನಾರಾಯಣರಾಯರು ನನ್ನ ಪಕ್ಕಕ್ಕೆ ಸರಿದರು.

"ಸಾಹೇಬ್ರ, ಒಂದ ಕೇಳ್ತೀನಿ. ಖರೇ ಹೇಳ್ರಿ."

"ಕೇಳ್ರಿ ಸರ್."

"ಆವತ್ತ ಗೋದಾಮಿನಾಗ ಮಾತಾಡ್ರಿ ಅಂದ್ರಿ. ಮಾತಾಡಿದೆ. ಬಾಕಿ ಇದ್ದದ್ದೆಲ್ಲಾ ಮಾತಾಡಿದೆ. ಹಗಲೆಲ್ಲಾ ಅಗ ಅಗ ಅಂತ ಅಕಿ ಹಿಂದ ತಿರಗೀನಿ. ಅದರಿಂದ ಖರ್ಚಾತೇನ್ರಿ ಅಕಿ ಕಿವಿ?"

"ಇಲ್ರಿ. ನಿಮ್ಮ ಮಾತಿನಿಂದ ಏನೂ ಆಗಿಲ್ಲ. ನೀವು ಸುಮ್ನಿದ್ರೂ ಹೋಗ್ತಿತ್ತು."

ಸಮಾಧಾನವಾಗಲಿ ಎಂದು ಹೇಳಿದೆ, ನಿಜವನ್ನೇ ಹೇಳಿದೆ. ಅವರು ತಮ್ಮ ಕೈ ನೋಡಿಕೊಂಡರು.

"ಹಂಗಾದ್ರ ನಾ ಸುಮ್ನಿದ್ದ ದಿನಾ…" ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಕಿವಿ ಚೆನ್ನಾಗಿದ್ದ ಆ ಎಲ್ಲ ದಿನಗಳಲ್ಲಿ ಅವರು ಬರೀ ತುಟಿ ಅಲುಗಿಸಿದ್ದರು. ಖರ್ಚಾಯಿತು ಎಂದಿದ್ದರೆ ಒಂದು ನೋವು, ಖರ್ಚಾಗಲಿಲ್ಲ ಎಂದದ್ದಕ್ಕೆ ಇನ್ನೊಂದು.

ಬೆಂಚಿನ ತುದಿಯಿಂದ ರುಕ್ಮಾಬಾಯಿ ಹೇಳಿದರು, "ಅಹೋ, ಎಲ್ಲಾ ಕೇಳ್ತದ ನನಗ ಈಗ. ಅರ್ಧಾ ಹೇಳಿ ಯಾಕ ಬಿಟ್ರಿ? ಇಲ್ಲೆ ಬಂದು ಕುಂಡರ್ರಿ. ಹೇಳ್ರಿ."

"ಏನ ಹೇಳ್ಲಿ?"

"ಏನರ ಹೇಳ್ರಿ. ಬಸ್ ಬರೂತನಕಾ."

ನಾರಾಯಣರಾಯರು ಹೋಗಿ ಕುಳಿತರು. ಹೇಳತೊಡಗಿದರು. ಹೊಲದ ಮೋಟರು ಸುಟ್ಟದ್ದು, ಅದನ್ನು ಬಿಚ್ಚಲು ಬಂದವನು ಒಂದು ನಟ್ಟು ಕಳೆದದ್ದು, ಅಂಥವೇ. ರುಕ್ಮಾಬಾಯಿ ಶೇಂಗಾ ಸುಲಿದು ಕೊಡುತ್ತ ನಡುನಡುವೆ ಹೂಂ ಎನ್ನುತ್ತಿದ್ದರು, ಮುಖ ನೋಡದೆ. ಇಬ್ಬರಿಗೂ ನಾನು ಅಲ್ಲಿರುವುದು ಮರೆತಿತ್ತು. ಇಂಡಿ ಬಸ್ಸು ಬಂತು. ಹೋಗಿಬರುತ್ತೇನೆ ಎಂದು ಹೇಳಲು ಅವರ ಮಾತು ಕಡಿಯಬೇಕಾಗುತ್ತಿತ್ತು, ಹೇಳಲಿಲ್ಲ. ಹತ್ತಿ ಕಿಟಕಿಯ ಬಳಿ ಕುಳಿತೆ. ಡ್ರೈವರು ಎಂಜಿನ್ ಚಾಲೂ ಮಾಡುವ ತನಕ ಆ ದನಿ ನನಗೆ ಕೇಳುತ್ತಿತ್ತು.